ಗಾಳಿಯ ಮರೆ: ಇಂಜಿನ್‌ಗೆ ಆರಾಮ, ಸವಾರನಿಗೆ ಡಬಲ್ ಡ್ಯೂಟಿ

(ಬಳ್ಳಾರಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)

ವೇದಿಕೆ ಮೇಲಿನ ಹಿರಿಯರಿಗೆ, ಮೇಷ್ಟ್ರುಗಳಿಗೆ, ಹುಡುಗ ಹುಡುಗಿಯರಿಗೆ ನಮಸ್ಕಾರ. ಕರೆಂಟ್ ಹೋಗಿದೆ, ಮೈಕ್ ಇಲ್ಲ. ಹಿಂದಿನವರಿಗೆ ಕೇಳಿಸದಿದ್ರೆ ಕೈ ಎತ್ರಿ. ಮೂವತ್ತೈದು ವರ್ಷ ಟೂ-ಸ್ಟ್ರೋಕ್ ಗಾಡಿಗಳ ಸದ್ದಿನ ಮೇಲೆ ಕೂಗಿ ಮಾತಾಡಿದ ಗಂಟಲು ಇದು, ತೊಂದ್ರೆ ಇಲ್ಲ. ಈ ಟೇಬಲ್ ಫ್ಯಾನ್ ಮಾತ್ರ ಸುಮ್ಮನೆ ಕೂತಿದೆ. ಒಂದು ಪ್ರಯೋಗ ತೋರಿಸೋಣ ಅಂತ ಮನೆಯಿಂದ ಹೊತ್ತು ತಂದೆ. ಕರೆಂಟ್ ಬಂದ್ರೆ ತೋರಿಸ್ತೀನಿ, ಬರದಿದ್ರೆ ಹಂಗೇ ಹೊತ್ಕೊಂಡು ಹೋಗ್ತೀನಿ.

ಬೈಕ್ ರೇಸಿಂಗ್ ಬಗ್ಗೆ ಏನಾದ್ರೂ ಮಾತಾಡಿ ಅಂತ ಮೇಷ್ಟ್ರು ಕರೆದ್ರು. ನಾನು ಸ್ಲಿಪ್‌ಸ್ಟ್ರೀಮ್ ಆರಿಸ್ಕೊಂಡೆ, ಅಂದ್ರೆ ಮುಂದಿನ ಗಾಡಿಯ ಬೆನ್ನ ಹಿಂದೆ, ಗಾಳಿಯ ತಡೆ ಕಡಿಮೆ ಇರೋ ಜಾಗದಲ್ಲಿ ಓಡಿಸೋದು. ಅದಕ್ಕೊಂದು ಕಾರಣ ಇದೆ. ಹೋದ ತಿಂಗಳು ನನ್ನ ಗ್ಯಾರೇಜಿಗೆ ಒಂದು ಬೈಕು ಬಂತು. ಫೋರ್ಕ್ ಬೆಂಡಾಗಿತ್ತು, ಹೆಡ್‌ಲೈಟ್ ಇದ್ದ ಜಾಗದಲ್ಲಿ ಬರೀ ವೈರು. ಹುಡುಗನ ಕೈಗೆ ಪ್ಲಾಸ್ಟರ್. ಏನಾಯ್ತಪ್ಪಾ ಅಂದ್ರೆ, "ತೋರಣಗಲ್ಲು ರೋಡಿನಾಗ ಲಾರಿ ಹಿಂದ ಸ್ಲಿಪ್‌ಸ್ಟ್ರೀಮ್ ತಗೊಂಡಿದ್ದೆ ಅಂಕಲ್, ಮೋಟೊಜಿಪಿನಾಗ ತಗೊಂತಾರಲ್ಲ, ಹಂಗ" ಅಂದ. ನನಗೆ ಸಿಟ್ಟು ಬರ್ಲಿಲ್ಲ. ಮೋಟೊಜಿಪಿ ಅಂದ್ರೆ ಬೈಕ್ ರೇಸಿನ ವಿಶ್ವ ಚಾಂಪಿಯನ್‌ಶಿಪ್. ಅದನ್ನ ಅವನು ಟೀವಿಯಲ್ಲಿ ಅರ್ಧ ಮಾತ್ರ ನೋಡಿದ್ದಾನೆ ಅನ್ನಿಸ್ತು. ಉಳಿದರ್ಧ ಹೇಳೋಕೆ ಬಂದಿದೀನಿ.

ಲೆಕ್ಕ ನಿಮಗೆ ಗೊತ್ತಿರೋದೇ. ವೇಗ ಎರಡು ಪಟ್ಟಾದ್ರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನ ನೂಕೋಕೆ ಬೇಕಾದ ಪವರ್ ಎಂಟು ಪಟ್ಟು. ಅದಕ್ಕೇ 11 ಎಚ್‌ಪಿ ಆಸುಪಾಸಿನ ಯಮಹಾ ಆರ್‌ಎಕ್ಸ್ 100 ಬೈಕು ನೂರರ ವೇಗದ ಹತ್ತಿರ ಏದುಸಿರು ಬಿಡ್ತದೆ. 250 ಎಚ್‌ಪಿ ದಾಟಿದ ಮೋಟೊಜಿಪಿ ಬೈಕೂ ಕೊನೆಗೆ ಗಾಳಿಗೇ ತಲೆಬಾಗ್ತದೆ. ಮುಂದಿನವನು ಗಾಳಿ ಸೀಳ್ಕೊಂಡು ಹೋದಾಗ ಅವನ ಬೆನ್ನ ಹಿಂದೆ ಒತ್ತಡ ಕಡಿಮೆ ಇರ್ತದೆ, ಅಲ್ಲಿರೋ ಗಾಳಿ ಅವನ ಜೊತೆಗೇ ಎಳ್ಕೊಂಡು ಹೋಗ್ತಿರ್ತದೆ. ಇದನ್ನ ನೋಡೋಕೆ ವಿಂಡ್ ಟನಲ್ ಬೇಡ. ಸಂಡೂರು ಕಡೆಯಿಂದ ಬರೋ ಅದಿರಿನ ಲಾರಿ ನೋಡ್ರಿ. ಗಾಳಿಗೆ ಎದೆ ಕೊಟ್ಟು ಬರೋದು ಮುಂದಿನ ಗ್ಲಾಸು. ಆದ್ರೆ ಕೆಂಪು ದೂಳು ದಪ್ಪಗೆ ಮೆತ್ತಿರೋದು ಹಿಂದಿನ ಫಾಲ್ಕದ, ಅಂದ್ರೆ ಹಿಂಬದಿ ಹಲಗೆಯ ಮೇಲೆ, ನಂಬರ್ ಪ್ಲೇಟಿನ ಮೇಲೆ. ಚಕ್ರ ಎಬ್ಬಿಸಿದ ದೂಳು ಹಿಂದಕ್ಕೆ ಹೋಗೋ ಬದಲು ಸುರುಳಿ ಸುತ್ತಿ ಲಾರಿ ಬೆನ್ನಿಗೇ ಬಂದು ಬೀಳ್ತದೆ. ಪೊಲೀಸರು ನಂಬರ್ ಕಾಣಲ್ಲ ಅಂತ ಫೈನ್ ಹಾಕ್ತಾರೆ, ಡ್ರೈವರ್ ದೂಳನ್ನ ಬೈತಾನೆ. ಬೈಬೇಕಾಗಿರೋದು ಈ ಸುರುಳಿಯನ್ನ!

ಕನ್ನಡದಲ್ಲಿ ನಾನು ಇದಕ್ಕೆ ಗಾಳಿಮರೆ ಅಂತೀನಿ. ಏಪ್ರಿಲ್ ಬಿಸಿಲಲ್ಲಿ ಮರ ಇಲ್ಲದ ಕಡೆ ಕುರಿಗಳು ಒಂದರ ಹೊಟ್ಟೆಯ ನೆರಳಿಗೆ ಇನ್ನೊಂದು ತಲೆ ತೂರಿಸ್ಕೊಂಡು ನಿಲ್ತಾವಲ್ಲ, ಅದೇ ಇದು. ನೆರಳಿನ ಬದಲು ಗಾಳಿ, ಅಷ್ಟೆ. ಆದ್ರೆ ಕುರಿ ನಿಂತಿರ್ತದೆ. ಸವಾರ ಓಡ್ತಿರ್ತಾನೆ. ಎಲ್ಲ ಎಡವಟ್ಟು ಇಲ್ಲೇ.

ನನ್ನ ಕಥೆ ಹೇಳ್ತೀನಿ. 87ರ ಬೇಸಿಗೆ. ನಮ್ಮ ಉಸ್ತಾದರ ಆರ್‌ಎಕ್ಸ್ 100ರಲ್ಲಿ ಒಂದು ಕಾರ್ಬ್ಯುರೇಟರ್ ಚೀಲಕ್ಕೆ ಹಾಕ್ಕೊಂಡು ಹೊಸಪೇಟೆಗೆ ಹೊರಟಿದ್ದೆ. ಎದುರುಗಾಳಿ, ಗಾಡಿ ಅರವತ್ತೈದು ದಾಟ್ತಿಲ್ಲ. ಅಷ್ಟರಲ್ಲಿ ಖಾಲಿ ಲಾರಿಯೊಂದು ನನ್ನನ್ನ ದಾಟಿ ಮುಂದೆ ಬಂತು. ಅದರ ಹಿಂದೆ ಸೇರ್ಕೊಂಡೆ ನೋಡ್ರಿ, ಹೆಲ್ಮೆಟ್ ಇಲ್ಲದ ಕಿವಿಗೆ ಒಮ್ಮೆಲೇ ನಿಶ್ಶಬ್ದ. ಬಾಗಿಲು ಹಾಕಿದ ಹಂಗೆ! ಆಕ್ಸಿಲರೇಟರ್ ಅಷ್ಟೇ ಇದೆ, ಗಾಡಿ ಎಪ್ಪತ್ತೈದಕ್ಕೆ ಓಡ್ತಿದೆ. ಎಷ್ಟು ಖುಷಿ ಅಂದ್ರೆ ಹಾಡು ಹೇಳ್ಕೊಂಡೆ. ಐದಾರು ಕಿಲೋಮೀಟರ್ ಹಂಗೇ ಹೋದೆ. ಇನ್ನ ದಾಟೋಣ ಅಂತ ಬಲಕ್ಕೆ ತೆಗೆದೆ. ಲಾರಿಯ ಮಗ್ಗುಲಿಗೆ ಬಂದ ತಕ್ಷಣ ಎದೆಗೆ ಗಾಳಿ ಹೊಡೀತು, ಯಾರೋ ಅಂಗೈ ಒತ್ತಿ ಹಿಡಿದ ಹಂಗೆ. ಎಪ್ಪತ್ತೈದು ಎಪ್ಪತ್ತಾಯ್ತು, ಅರವತ್ತೈದಾಯ್ತು. ಎದುರಿಗೆ ಬಸ್ಸು. ಮತ್ತೆ ಲಾರಿ ಹಿಂದಕ್ಕೆ ನುಗ್ಗಿದೆ. ಅಲ್ಲಿ ಗುಂಡಿ ಇತ್ತು. ಲಾರಿಯ ಆರು ಚಕ್ರದ ನಡುವೆ ಆರಾಮಾಗಿ ಹಾದು ಹೋದ ಗುಂಡಿ, ನನಗೆ ಕಂಡಿದ್ದು ಮುಂದಿನ ಚಕ್ರ ಅದರೊಳಗೆ ಇಳಿದ ಮೇಲೆ.

ಬಿದ್ದಿದ್ದು ಎಲ್ಲಿ? ಬಳ್ಳಾರಿ ಜಾಲಿಯಲ್ಲಿ. ಆ ಮುಳ್ಳಿನ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಸಂಜೆ ಗ್ಯಾರೇಜಿನ ಬೆಂಚ್ ಮೇಲೆ ಬೋರಲು ಮಲಗಿಸಿ, ಸರ್ಕ್ಲಿಪ್ ತೆಗೆಯೋ ಇಕ್ಕಳದಲ್ಲಿ ಉಸ್ತಾದರು ಒಂದೊಂದೇ ಮುಳ್ಳು ಕಿತ್ತರು. ಪ್ರತಿ ಮುಳ್ಳಿಗೂ ಒಂದು ಬೈಗುಳ. ಕೊನೆಗೆ ಒಂದೇ ಪ್ರಶ್ನೆ ಕೇಳಿದ್ರು: "ಗಾಳಿ ಉಳಿಸಿದಿ, ಸರಿ. ಕಣ್ಣು ಎಲ್ಲಿ ಇಟ್ಟಿದ್ದಿ?" ಆಗ ನಾನು ಮುಳ್ಳಿನ ಯೋಚನೆಯಲ್ಲಿದ್ದೆ. ಆ ಪ್ರಶ್ನೆ ಅರ್ಥ ಆಗಿದ್ದು ಮುಂದೆ ಎಷ್ಟೋ ವರ್ಷಕ್ಕೆ, ಟೀವಿಯಲ್ಲಿ ರೇಸ್ ನೋಡೋಕೆ ಶುರು ಮಾಡಿದಾಗ.

ಇಟಲಿಯ ಮುಜೆಲ್ಲೊ ಟ್ರ್ಯಾಕಿನ ನೇರ ದಾರಿ 1.1 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. 2023ರಲ್ಲಿ ಮೋಟೊಜಿಪಿ ಸವಾರ ಬ್ರ್ಯಾಡ್ ಬೈಂಡರ್ ಅಲ್ಲಿ 366.1 ಕಿ.ಮೀ. ವೇಗ ಮುಟ್ಟಿದ. ಅಂದ್ರೆ ಸೆಕೆಂಡಿಗೆ ನೂರು ಮೀಟರ್. ನೀವು ಕಣ್ಣು ಮಿಟುಕಿಸೋದ್ರಲ್ಲಿ ಎರಡು ಮೂರು ಲಾರಿ ಉದ್ದ ಹೋಯ್ತು. ಆ ವೇಗದಲ್ಲಿ ಮುಂದಿನವನ ಟೈರಿಗೆ ಮೂಗು ತಾಗಿಸ್ಕೊಂಡು ಕೂತವನಿಗೆ ಇಂಜಿನ್ ಆರಾಮಾಗಿದೆ, ನಿಜ. ಅವನ ಸ್ಥಿತಿ? ಟ್ಯಾಂಕಿಗೆ ಗದ್ದ ಒತ್ತಿ, ಮೊಣಕೈ ಒಳಗೆ ಎಳ್ಕೊಂಡು ಕೂತಿದಾನೆ. ಮುಂದಿನ ಬೈಕಿನ ರೆಕ್ಕೆಗಳು ಕದಡಿದ ಗಾಳಿ ಹೆಲ್ಮೆಟ್ ಅಲ್ಲಾಡಿಸ್ತಿದೆ. ಬ್ರೇಕ್ ಹಿಡಿಯೋ ಜಾಗ ಬಂತು ಅಂದ್ಕೊಳ್ಳಿ. ಒಬ್ಬನೇ ಹೋಗ್ತಿದ್ರೆ ಗಾಳಿಯೇ ಅರ್ಧ ಬ್ರೇಕ್ ಹಾಕ್ತಿತ್ತು, ಎದ್ದು ಕೂತ್ರೆ ಸಾಕು ಎದೆಗೆ ಪ್ಯಾರಾಚೂಟ್. ಮರೆಯಲ್ಲಿ ಅದಿಲ್ಲ. ವೇಗ ಹೆಚ್ಚು, ಗಾಳಿಯ ಬ್ರೇಕ್ ಕಡಿಮೆ. ಹಂಗಾಗಿ ಮುಂದಿನವನಿಗಿಂತ ಮೊದಲೇ ಹಿಡಿಬೇಕು, ಇಲ್ಲ ಪಕ್ಕಕ್ಕೆ ಸರಿದು ಗಾಳಿಗೆ ಮೈ ಕೊಡಬೇಕು. ಇಂಜಿನ್‌ಗೆ ಆರಾಮ, ಸವಾರನಿಗೆ ಡಬಲ್ ಡ್ಯೂಟಿ ಅಂತ ನಾನು ಹೇಳೋದು ಇದಕ್ಕೇ. ಇನ್ನೂ ನಾಲ್ಕು ಸಲ ಹೇಳ್ತೀನಿ, ಬೇಜಾರಾಗಬೇಡಿ.

ಡಬಲ್ ಡ್ಯೂಟಿ ಟೈರಿಗೂ ಇದೆ. ಮರೆಯಲ್ಲಿ ತಂಪು ಗಾಳಿ ಸಿಗಲ್ಲ, ಮುಂದಿನ ಟೈರ್ ಕಾಯ್ತದೆ, ಒಳಗಿನ ಒತ್ತಡ ಏರ್ತದೆ, ಹಿಡಿತ ಸಡಿಲ ಆಗ್ತದೆ. ಇದನ್ನೇ ಉಲ್ಟಾ ಬಳಸಿದೋನು ಮೋಟೊಜಿಪಿ ಸವಾರ ಮಾರ್ಕ್ ಮಾರ್ಕೆಜ್. 2025ರ ಮೊದಲ ರೇಸ್, ಥಾಯ್ಲೆಂಡಿನ ಬುರಿರಾಮ್. ಮುಂದಿದ್ದ ಮಾರ್ಕ್ ಬೇಕಂತಲೇ ನಿಧಾನ ಮಾಡಿ ತಮ್ಮ ಅಲೆಕ್ಸ್‌ನನ್ನ ಮುಂದೆ ಬಿಟ್ಟ. ಯಾಕೆ? ಅವನ ಮುಂದಿನ ಟೈರಿನ ಒತ್ತಡ ನಿಯಮದ ಕನಿಷ್ಠಕ್ಕಿಂತ ಕೆಳಗಿತ್ತು. ತಮ್ಮನ ಬೆನ್ನ ಹಿಂದೆ ಬಿಸಿ ಗಾಳಿಯಲ್ಲಿ ಟೈರ್ ಕಾಯಿಸ್ಕೊಂಡ, ಕೊನೆಯ ಸುತ್ತುಗಳಲ್ಲಿ ದಾಟಿ ಗೆದ್ದ. ನಾವು ಮೆಕ್ಯಾನಿಕ್‌ಗಳು ಗಾಳಿ ತುಂಬೋಕೆ ಕಂಪ್ರೆಸರ್ ಹುಡುಕ್ತೀವಿ, ಅವನಿಗೆ ತಮ್ಮನೇ ಕಂಪ್ರೆಸರ್!

ಇನ್ನೊಂದು ನನಗೆ ಬಹಳ ಇಷ್ಟದ್ದು. 2006, ಪೋರ್ಚುಗಲ್‌ನ ಎಸ್ಟೊರಿಲ್. ಕೊನೆಯ ಸುತ್ತು, ಕೊನೆಯ ಉದ್ದನೆ ತಿರುವು. ಇಬ್ಬರು ಮೋಟೊಜಿಪಿ ಸವಾರರು, ಮುಂದೆ ವ್ಯಾಲೆಂಟಿನೊ ರೊಸ್ಸಿ, ಹಿಂದೆ ಟೋನಿ ಎಲಿಯಾಸ್. ಎಲಿಯಾಸ್ ಮರೆಯಲ್ಲಿ ಬಂದು, ರೇಸ್ ಮುಗಿಯೋ ಗೆರೆಯ ಹತ್ತಿರ ಹೊರಗೆ ತೆಗೆದು ಗೆದ್ದ. ಅಂತರ 0.002 ಸೆಕೆಂಡ್. ವೇಗ 200 ಅಂತ ಇಟ್ಕೊಂಡ್ರೆ 11 ಸೆಂ.ಮೀ. ಅರ್ಧ ಗೇಣು! ಗೆದ್ದವನಿಗೆ 25 ಅಂಕ, ಎರಡನೆಯವನಿಗೆ 20. ಆ ವರ್ಷ ರೊಸ್ಸಿ ನಿಕಿ ಹೇಡನ್‌ಗೆ ಚಾಂಪಿಯನ್‌ಶಿಪ್ ಸೋತಿದ್ದು ಎಷ್ಟರಲ್ಲಿ? ಐದೇ ಅಂಕ. 87ರಲ್ಲಿ ನಾನು ಲಾರಿ ಹಿಂದಿನಿಂದ ಹೊರಗೆ ತೆಗೆದೆ, ಎಲಿಯಾಸನೂ ತೆಗೆದ. ಗಾಳಿ ಇಬ್ಬರ ಎದೆಗೂ ಹೊಡೀತು. ಅವನಿಗೆ ಅದು ಹೊಡೆಯೋಕೆ ಮೊದಲು ಗೆರೆ ಎಷ್ಟು ದೂರ ಅಂತ ಗೊತ್ತಿತ್ತು. ನನಗೆ ಬಸ್ಸು ಬರ್ತಿರೋದೂ ಗೊತ್ತಿರ್ಲಿಲ್ಲ.

ಚೀಟಿ ಬಂತು. ಐದು ನಿಮಿಷ ಅಂತ ಬರೆದಿದಾರೆ. ಒಗ್ಗಾಣಿ ಮಿರ್ಚಿ ಆರ್ತಾವೆ ಅಂತ ಬರೆದಿಲ್ಲ, ಆದ್ರೆ ವಾಸನೆ ನನಗೂ ಬರ್ತಿದೆ. ಚಿಕ್ಕ ಬೈಕಿನ ಮೋಟೊ3 ರೇಸಿನ ಹುಡುಗರು ಕ್ವಾಲಿಫೈಯಿಂಗ್‌ನಲ್ಲಿ ಗಾಳಿಮರೆ ಸಿಗಲಿ ಅಂತ 'ನೀ ಮುಂದೆ ಹೋಗು, ನೀ ಮುಂದೆ ಹೋಗು' ಅಂತ ನಿಧಾನಿಸಿ ದಂಡ ತಿನ್ನೋದು ಹೇಳಬೇಕಿತ್ತು, ಬಿಟ್ಟೆ. ಮುಂಗೈ ಬಿಗಿತಕ್ಕೆ 2021ರಲ್ಲಿ ಮೋಟೊಜಿಪಿ ಸವಾರ ಕ್ವಾರ್ಟರಾರೊ ಆಪರೇಷನ್ ಮಾಡಿಸ್ಕೊಂಡಿದ್ದು, ಅದನ್ನೂ ಬಿಟ್ಟೆ. ಬಿಸಿಲಿನದ್ದು ಮಾತ್ರ ಹೇಳ್ತೀನಿ, ನಾವು ಬಳ್ಳಾರಿಯವರು. 2023ರ ಸೆಪ್ಟೆಂಬರ್‌ನಲ್ಲಿ ದೆಹಲಿ ಪಕ್ಕದ ಬುದ್ಧ ಟ್ರ್ಯಾಕಿಗೆ ಮೋಟೊಜಿಪಿ ಬಂದಾಗ ಸೆಕೆ ನೋಡಿ 24 ಸುತ್ತಿನ ರೇಸನ್ನ 21ಕ್ಕೆ ಇಳಿಸಿದ್ರು. ಆದ್ರೂ ಎರಡನೇ ಸ್ಥಾನ ಬಂದ ಹೋರ್ಹೆ ಮಾರ್ಟಿನ್ ಇಳಿದ ಮೇಲೆ ನಿತ್ರಾಣ ಆಗಿ ಕುಸಿದ. ಮುಂದಿನ ಬೈಕಿನ ಬಿಸಿ ಉಸಿರು ಕುಡ್ಕೊಂಡು ಹೋಗೋದು ಸೆಪ್ಟೆಂಬರ್‌ನಲ್ಲೇ ಹಿಂಗೆ. ನಮ್ಮ ಮೇ ತಿಂಗಳಲ್ಲಿ ಹೆಂಗಿರಬಹುದು, ಯೋಚಿಸ್ರಿ.

ಪ್ಲಾಸ್ಟರ್ ಹಾಕ್ಕೊಂಡ ಆ ಹುಡುಗ ಮೂರನೇ ಸಾಲಲ್ಲೇ ಕೂತಿದಾನೆ. ತೋರಿಸಲ್ಲ, ತಲೆ ತಗ್ಗಿಸಬೇಡಪ್ಪಾ. ಫೋರ್ಕ್ ರೆಡಿ ಆಗಿದೆ, ಶನಿವಾರ ಬಾ.

ಓ, ಬಂತು ಕರೆಂಟ್! ಫ್ಯಾನ್ ಹಚ್ರಿ, ಎರಡನೇ ನಂಬರಿಗೆ. ಯಾರಾದ್ರೂ ಒಂದು ಪರೀಕ್ಷೆ ಪ್ಯಾಡ್ ಕೊಡ್ರಿ. ಪ್ಯಾಡನ್ನ ಗಾಳಿಗೆ ಅಡ್ಡ ಹಿಡೀತೀನಿ, ಇದು ಲಾರಿ. ಅದರ ಹಿಂದೆ ಈ ಚೀಟಿ, ಐದು ನಿಮಿಷದ ಚೀಟಿನೇ, ತುದಿ ಹಿಡಿದು ಇಳಿಬಿಡ್ತೀನಿ. ಗಾಳಿ ಆ ಕಡೆ ತಳ್ತಿದೆ, ಚೀಟಿ ಯಾವ ಕಡೆ ಬಾಗ್ತಿದೆ ನೋಡ್ರಿ. ಪ್ಯಾಡಿನ ಕಡೆ. ಈಗ ನಿಧಾನಕ್ಕೆ ಪಕ್ಕಕ್ಕೆ ಸರಿಸ್ತೀನಿ, ಇನ್ನೂ ಸ್ವಲ್ಪ... ಹೋಯ್ತು! ಹಿಡ್ಕೊಳ್ಳಿ ಯಾರಾದ್ರೂ.