ಮಣ್ಣಾದ ಮೇಲಿನ ಕೆಲಸ

ಶ್ರೋತೃಗಳಿಗೆ ನಮಸ್ಕಾರ.

ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಸೆಂಟರ್ ಇದೆ. ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆ ಇದೆ. ನಮ್ಮ ಭಾಗದ ಹಳ್ಳಿಗಳಲ್ಲಿ ನಸುಕಿನಲ್ಲೇ ಎದ್ದು ಸೈನ್ಯದ ಭರ್ತಿಗಾಗಿ ರಸ್ತೆ ಮೇಲೆ ಓಡುವ ಹುಡುಗರನ್ನು ನೀವೂ ಕಂಡಿದ್ದೀರಿ. ಅಂಥವನೊಬ್ಬ ಗಡಿಯಿಂದ ಪೆಟ್ಟಿಗೆಯಲ್ಲಿ ಮರಳಿದಾಗ ಆ ಊರಿಗೆ ನೆರವಿಗೆಂದು ಹೋಗುವವರಿದ್ದಾರಲ್ಲ, ಎನ್‌ಎಸ್‌ಎಸ್ ವಿದ್ಯಾರ್ಥಿಗಳು, ಯುವಕ ಸಂಘದವರು, ಸ್ವಸಹಾಯ ಸಂಘದ ತಾಯಂದಿರು, ಆಶಾ ಕಾರ್ಯಕರ್ತೆಯರು, ಇವತ್ತಿನ ಮಾತು ಅವರಿಗಾಗಿ.

ಹೇಳಬೇಕಾದದ್ದು ಒಂದೇ. ಆ ಊರಲ್ಲಿ ಇದ್ದಷ್ಟು ದಿನ ನಿಮ್ಮ ಕೈ ದುಡಿಯಲಿ, ಬಾಯಿ ಸುಮ್ಮನಿರಲಿ.

ಮೊದಲು ಎಷ್ಟು ಮಂದಿ ಹೋಗಬೇಕು ಅನ್ನುವುದನ್ನು ನೋಡೋಣ. ಇಪ್ಪತ್ತು ಜನ ಟ್ರ್ಯಾಕ್ಸ್ ತುಂಬಿಕೊಂಡು ಹೋಗಬೇಡಿ. ನಾಲ್ಕು ಜನ ಸಾಕು, ಅವರಲ್ಲಿ ಇಬ್ಬರು ಹೆಣ್ಣುಮಕ್ಕಳಿರಲಿ. ದಿನಕ್ಕೊಂದು ಹೊಸ ಮುಖ ಬಂದರೆ ಆ ತಾಯಿ ದಿನಾ ಅದೇ ಕತೆಯನ್ನು ಮೊದಲಿನಿಂದ ಹೇಳಬೇಕಾಗುತ್ತದೆ, ಹಾಗಾಗಿ ಕಡೆಯವರೆಗೂ ಅದೇ ನಾಲ್ಕು ಜನ ಇರಬೇಕು. ದುಃಖದ ಮನೆಯಲ್ಲಿ ಉಳಿಯಬೇಡಿ. ಶಾಲೆಯಲ್ಲೋ ಸಮುದಾಯ ಭವನದಲ್ಲೋ ಇಳಿದುಕೊಳ್ಳಿ. ನಿಮ್ಮ ಹಾಸಿಗೆ, ನಿಮ್ಮ ಊಟ ನಿಮ್ಮದೇ. ‘ಬಂದವರಿಗೆ ಚಹಾ ಮಾಡವಾ’ ಎಂದು ಆ ಮನೆಯ ಹಿರಿಯರು ಸೊಸೆಯನ್ನು ಎಬ್ಬಿಸುವಂತಾದರೆ ನೀವು ಬಂದದ್ದೇ ಭಾರ.

ಪಾರ್ಥಿವ ಶರೀರ ಬರುವ ದಿನ ಜನ ಸಾವಿರಗಟ್ಟಲೆ ಸೇರುತ್ತಾರೆ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಬಂದರೂ ಅಲ್ಲಿಂದ ಊರಿಗೆ ರಸ್ತೆ ಪ್ರಯಾಣ ಇದ್ದೇ ಇದೆ, ದಾರಿಯಲ್ಲಿ ಊರೂರಿಗೆ ಗಾಡಿ ನಿಲ್ಲುತ್ತದೆ, ಹೇಳಿದ ವೇಳೆಗೆ ಬರುವುದಿಲ್ಲ. ಸಾವಿರ ಜನರಿಗೆ ತಲಾ ಒಂದು ಲೀಟರ್ ಹಿಡಿದರೂ ಇಪ್ಪತ್ತು ಲೀಟರಿನ ಐವತ್ತು ಕ್ಯಾನು ಬೇಕು. ಬಿಸಿಲ ಕಾಲವಾದರೆ ಅದರ ದುಪ್ಪಟ್ಟು. ಪೆಟ್ಟಿಗೆ ಇಡುವ ಜಾಗದ ಸುತ್ತ ಹತ್ತು ಅಡಿ ಬಿಟ್ಟು ಹಗ್ಗ ಕಟ್ಟಿ, ಒಳಗೆ ಮನೆಯ ಹೆಣ್ಣುಮಕ್ಕಳು ಕೂರಲಿ. ಹೀಗೆ ಮಾಡದ ಕಡೆ ಮೊಬೈಲು ಹಿಡಿದವರು ಮುಂದೆ ನುಗ್ಗುತ್ತಾರೆ, ಹೆತ್ತವ್ವ ಹಿಂದೆ ಉಳಿಯುತ್ತಾಳೆ. ಯಾರಾದರೂ ಎಚ್ಚರ ತಪ್ಪಿದರೆ ನೆಲಕ್ಕೆ ಮಲಗಿಸಿ ಕಾಲು ತುಸು ಮೇಲೆತ್ತಿ ಇಡಿ, ಗಾಳಿ ಆಡಲು ಬಿಡಿ. ಎಚ್ಚರವಾಗುವವರೆಗೆ ಬಾಯಿಗೆ ನೀರು ಹಾಕಲೇಬೇಡಿ, ಅದು ಉಸಿರಿನ ಕೊಳವೆಗೆ ಹೋಗುತ್ತದೆ.

ಪೆಟ್ಟಿಗೆ ತೆರೆಯುವುದೋ ಬೇಡವೋ ಎಂಬುದು ಜೊತೆಗೆ ಬಂದ ಸೇನಾಧಿಕಾರಿ ಮತ್ತು ಮನೆಯ ಹಿರಿಯರ ನಡುವಿನ ಮಾತು. ಮಣ್ಣು ಕೊಡುವುದೋ ಬೆಂಕಿ ಕೊಡುವುದೋ, ಅದನ್ನು ಮನೆತನದವರೇ ಹೇಳಬೇಕು. ನಡುವೆ ನೀವು ಬಾಯಿ ಹಾಕಬೇಡಿ.

ಹೆಣ್ಣುಮಕ್ಕಳು ಒಬ್ಬರ ಕೊರಳು ಒಬ್ಬರು ಹಿಡಿದು ಹಾಡ್ಯಾಡಿಕೊಂಡು ಅಳುತ್ತಾರೆ. ಅವನ ಹುಟ್ಟು, ತೊಟ್ಟಿಲು, ರಜೆಗೆ ಬಂದಾಗ ತಂದ ಸೀರೆ, ಎಲ್ಲ ಆ ಅಳುವಿನಲ್ಲಿ ಬರುತ್ತದೆ. ‘ಸಾಕು ಬಿಡ್ರಿ, ಧೈರ್ಯ ತಗೋರಿ’ ಎಂದು ಬಿಡಿಸಲು ಹೋಗುವವರಿಗೆ ನಾನು ಕೈ ಮುಗಿದು ಹೇಳುತ್ತೇನೆ, ದಯವಿಟ್ಟು ಬಿಡಿ. ಅದು ತಲೆಮಾರಿನಿಂದ ಬಂದ ಔಷಧ. ‘ಏನಾಯ್ತು, ಹೆಂಗಾಯ್ತು, ಮನಸ್ಸಿನಾಗಿದ್ದುದ್ದೆಲ್ಲ ಹೇಳು’ ಎಂದು ಕೆದಕುವುದೂ ತಪ್ಪು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಹೇಳುವುದೂ ಇದನ್ನೇ: ನೋಡಿ, ಕೇಳಿಸಿಕೊಳ್ಳಿ, ಬೇಕಾದವರೊಂದಿಗೆ ಜೋಡಿಸಿ, ಬಲವಂತವಾಗಿ ಮಾತಾಡಿಸಬೇಡಿ. ಕೈ ದುಡಿಯಲಿ, ಬಾಯಿ ಸುಮ್ಮನಿರಲಿ.

ಕೈಗೆ ಕೆಲಸ ಬೇಕಷ್ಟಿದೆ. ಸೂತಕದ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಬುತ್ತಿ ಹೊರಗಿನಿಂದಲೇ ಬರಬೇಕು. ಮಾತಾಡಿಸಲಿಕ್ಕೆ ಬಂದ ನೆಂಟರು ಸೇರಿ ನಲವತ್ತು ಜನ ಎಂದಿಟ್ಟುಕೊಳ್ಳಿ. ತಲಾ ಮೂರು ರೊಟ್ಟಿಯಂತೆ ಹೊತ್ತಿಗೆ ನೂರಿಪ್ಪತ್ತು. ಹನ್ನೆರಡು ಮನೆಗೆ ತಲಾ ಹತ್ತು ರೊಟ್ಟಿ ಹಂಚಿದರೆ ಯಾರಿಗೂ ಭಾರವಿಲ್ಲ, ಮನೆಗೆ ಒಂದು ಕಿಲೋ ಜೋಳದ ಹಿಟ್ಟು ಸಾಕು. ಯಾವ ಓಣಿಯದು ಯಾವ ಹೊತ್ತು ಎಂದು ಚೀಟಿ ಬರೆಯಿರಿ. ಬರೆಯದಿದ್ದರೆ ಮೊದಲ ಮೂರು ದಿನ ಬುತ್ತಿ ಹಳಸುವಷ್ಟು ಬರುತ್ತದೆ, ಏಳನೇ ದಿನ ಮಕ್ಕಳು ಹಸಿದು ಕೂತಿರುತ್ತವೆ.

ಹಾಗೆಯೇ ದನ. ಎಮ್ಮೆ ಹಿಂಡಬೇಕು, ಕಣಕಿ ಹಾಕಬೇಕು, ನೀರು ಕುಡಿಸಬೇಕು. ದ್ರಾಕ್ಷಿ ತೋಟವಿದ್ದರೆ ಬೂದಿರೋಗದ ಸಿಂಪಡಣೆ ಹದಿನೈದು ದಿನ ಕಾಯುವುದಿಲ್ಲ. ಪಂಪಿಗೆ ತ್ರೀ ಫೇಸ್ ಕರೆಂಟು ಎಷ್ಟು ಹೊತ್ತಿಗೆ ಬರುತ್ತದೆಂದು ಕೇಳಿಕೊಂಡು ಒಬ್ಬರು ಹೊಲಕ್ಕೆ ಹೋಗಿ. ತಂದೆಯ ಬಿಪಿ, ಸಕ್ಕರೆ ಗುಳಿಗೆಯ ಚೀಟಿ ಹುಡುಕಿ. ಮಗನ ಚಿಂತೆಯಲ್ಲಿ ಮೂರು ದಿನ ಗುಳಿಗೆ ಬಿಟ್ಟವರು ನಾಲ್ಕನೇ ದಿನ ದವಾಖಾನೆ ಸೇರುತ್ತಾರೆ. ಇದು ತೀರ ಸಣ್ಣದು ಅನ್ನಿಸಿ ಎಲ್ಲರೂ ಮರೆಯುವುದು ಇದನ್ನೇ.

ಇನ್ನು ಟ್ರಂಕಿನ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಯೋಧ ತೀರಿಕೊಂಡ ಮೇಲೆ ಅವನ ಸ್ವಂತ ಸಾಮಾನನ್ನು ಪಟ್ಟಿ ಮಾಡಿ ಮನೆಯವರಿಗೆ ಮುಟ್ಟಿಸುವ ಕ್ರಮ ಸೈನ್ಯದಲ್ಲಿದೆ. ಅದಕ್ಕೆ 1950ರ ಕಾಯ್ದೆಯೇ ಇದೆ. ಹೀಗಾಗಿ ಹಾರ, ಬ್ಯಾನರು, ಭಾಷಣ ಎಲ್ಲ ಮುಗಿದು, ನೆಂಟರು ಊರಿಗೆ ಹೋದ ಎಷ್ಟೋ ದಿನಕ್ಕೆ ಒಂದು ಮಧ್ಯಾಹ್ನ ಕರಿ ಬಣ್ಣದ ಕಬ್ಬಿಣದ ಟ್ರಂಕು ಮನೆ ಮುಂದೆ ಬಂದು ಇಳಿಯುತ್ತದೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅವನ ನಂಬರು, ಅವನ ಹೆಸರು. ಅವತ್ತು ಆ ಮನೆಯಲ್ಲಿ ಎರಡನೇ ಸಲ ಸಾವು.

ಅಂಥದೊಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಪಡಸಾಲೆಯಲ್ಲಿ ಟ್ರಂಕು. ಓಣಿಯ ಜನ ಬಾಗಿಲಲ್ಲಿ. ಉತ್ಸಾಹದ ಹುಡುಗನೊಬ್ಬ ಕೀಲಿ ತೆಗೆದು ಒಂದೊಂದೇ ಮೇಲೆತ್ತಿ ತೋರಿಸುತ್ತಾನೆ. ಸ್ವೆಟರು, ಬನಿಯನ್ನು, ಅರ್ಧ ಸವೆದ ಸಾಬೂನು, ಗಡ್ಡದ ಬ್ರಶ್ಶು, ಮನೆಯಿಂದ ಒಯ್ದ ಶೇಂಗಾ ಚಟ್ನಿಯ ಡಬ್ಬಿ, ತಳದಲ್ಲಿ ಇನ್ನೂ ಒಂದು ಚಮಚ ಉಳಿದಿದೆ. ಹೊಲಸಾಗಿವೆ ಎಂದು ಒಳ್ಳೆಯ ಮನಸ್ಸಿನ ಅಕ್ಕನೊಬ್ಬಳು ಬಟ್ಟೆ ಒಯ್ದು ಸೋಡಾಪುಡಿ ಹಾಕಿ ಒಗೆದು ಹಗ್ಗಕ್ಕೆ ಹಾಕುತ್ತಾಳೆ, ಡಬ್ಬಿಯನ್ನೂ ತಿಕ್ಕಿಡುತ್ತಾಳೆ. ರಾತ್ರಿ ಹೆಂಡತಿ ಆ ಸ್ವೆಟರಿಗೆ ಮುಖ ಒತ್ತುತ್ತಾಳೆ. ಅಲ್ಲಿ ಸಾಬೂನಿನ ವಾಸನೆ. ಗಂಡನ ಮೈವಾಸನೆ ಉಳಿದಿದ್ದದ್ದು ಅದೊಂದರಲ್ಲೇ. ಯಾರನ್ನು ಕೇಳಬೇಕು ಅವಳು?

ಆದ್ದರಿಂದ ಹೀಗೆ ಮಾಡಿ. ಟ್ರಂಕು ಬಂದಾಗ ಮೊದಲು ಬೀದಿ ಬಾಗಿಲು ಮುಚ್ಚಿ. ಪಟ್ಟಿಯೊಂದಿಗೆ ತಾಳೆ ನೋಡದೆ ಯಾರೂ ಸಹಿ ಹಾಕಬಾರದು. ತಾಳೆ ನೋಡುವಾಗ ಹೆಂಡತಿ, ತಾಯಿ, ತಂದೆ ಬಿಟ್ಟು ಇನ್ನೊಬ್ಬರು ಸಾಕು. ನೋಡಿದ್ದನ್ನು ಇದ್ದ ಹಾಗೆಯೇ ಮಡಿಚಿ ಇಡಿ. ‘ಇವತ್ತ ಬ್ಯಾಡ, ಇನ್ನೊಂದ ದಿನ ತಗೀತೀನಿ’ ಎಂದರೆ ಟ್ರಂಕು ಹಾಗೇ ಇರಲಿ, ಒಂದು ವರ್ಷವಾದರೂ ಇರಲಿ. ಬಟ್ಟೆ ಒಗೆಯಬೇಡಿ. ಯಾರಿಗೂ ದಾನ ಕೊಡಿಸಬೇಡಿ. ಕಾಗದ, ಪಾಸ್‌ಬುಕ್ಕು, ವಿಮೆಯ ಪತ್ರ ಮಾತ್ರ ಬೇರೆ ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಇಡಿ. ಮೊಬೈಲು ಬಂದಿದ್ದರೆ ಪಾಸ್‌ವರ್ಡ್ ಗೊತ್ತಿಲ್ಲವೆಂದು ರೀಸೆಟ್ ಮಾಡಿಸಬೇಡಿ, ಫೋಟೊಗಳೆಲ್ಲ ಅಳಿಸಿಹೋಗುತ್ತವೆ. ಸಿಮ್ಮಿಗೆ ಸಣ್ಣ ರೀಚಾರ್ಜ್ ಮಾಡಿಸುತ್ತಿರಿ. ಪ್ರೀಪೇಡ್ ನಂಬರು 90 ದಿನ ಬಳಸದೆ ಬಿದ್ದರೆ ರದ್ದಾಗಬಹುದು. ಆ ನಂಬರಿಗೆ ಬ್ಯಾಂಕಿನ, ವಿಮೆಯ ಸಂದೇಶ ಬರುತ್ತವೆ. ಅವನ ಎಟಿಎಂ ಕಾರ್ಡಿನಿಂದ ಮಾತ್ರ ಯಾರೂ ದುಡ್ಡು ತೆಗೆಯಬಾರದು, ಮುಂದೆ ತೊಡಕಾಗುತ್ತದೆ.

ಟ್ರಂಕಿನ ಮಾತಿಗೇ ವೇಳೆ ಹೋಯಿತು, ಕಾಗದಪತ್ರದ್ದು ಬೇಗ ಹೇಳಿಬಿಡುತ್ತೇನೆ. ಹೆಂಡತಿಯ ಆಧಾರ್, ಪ್ಯಾನ್, ಅವಳೊಬ್ಬಳದೇ ಹೆಸರಿನ ಬ್ಯಾಂಕ್ ಖಾತೆ, ಮದುವೆಯ ದಾಖಲೆ, ಮಕ್ಕಳ ಜನನ ಪ್ರಮಾಣಪತ್ರ ಇವಿಷ್ಟು ಒಂದು ಫೈಲಿನಲ್ಲಿರಲಿ. ಪಿಂಚಣಿ ತಡವಾಗುವುದು ಹೆಚ್ಚಾಗಿ ಹೆಸರಿನಿಂದ. ಆಧಾರ್‌ನಲ್ಲಿ ಮಹಾದೇವಿ, ಸೇವಾ ದಾಖಲೆಯಲ್ಲಿ ಮಾದೇವಿ ಎಂದಿದ್ದರೆ ಸ್ಪರ್ಶ್ ಪಿಂಚಣಿ ವ್ಯವಸ್ಥೆಯಲ್ಲಿ ತಾಳೆಯಾಗುವುದಿಲ್ಲ. ಮದುವೆ, ಮಗುವಿನ ಜನನ ಪಾರ್ಟ್ ಟು ಆರ್ಡರ್‌ನಲ್ಲಿ, ಅಂದರೆ ಯೋಧನ ಮನೆಯ ವಿವರ ಬರೆದಿಡುವ ಸೇನೆಯ ದಾಖಲೆಯಲ್ಲಿ, ಸೇರಿವೆಯೇ ಎಂದು ಅವನ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆದು ಕೇಳಿ. ಕುಟುಂಬ ಪಿಂಚಣಿ ಬೇರೆ, ಸೇನಾ ಗುಂಪು ವಿಮೆ ಬೇರೆ, ಪರಿಹಾರಧನ ಬೇರೆ. ವಿಮೆ ಅವನು ನಾಮಿನಿ ಮಾಡಿದವರಿಗೆ ಹೋಗುತ್ತದೆ, ಅದು ತಾಯಿಯೂ ಇರಬಹುದು. ಅತ್ತೆ ಸೊಸೆಯರ ಮುನಿಸು ಇಲ್ಲಿಯೇ ಹುಟ್ಟುವುದು. ನೀವು ಪಂಚರಾಗಬೇಡಿ, ಇಬ್ಬರನ್ನೂ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಕರೆದೊಯ್ಯಿರಿ. ದಿವಸದ ಕಾರ್ಯ ಮುಗಿಯುವವರೆಗೆ ಆ ಹೆಣ್ಣುಮಗಳು ಖಾಲಿ ಕಾಗದಕ್ಕೆ ಸಹಿ ಹಾಕದಂತೆ ಮಾತ್ರ ಕಾಯಿರಿ.

ಆರು ತಿಂಗಳು ದಾಟಿದರೂ ಊಟ ಸೇರದಿದ್ದರೆ, ಮನೆಯಿಂದ ಹೊರಗೆ ಬರದಿದ್ದರೆ, ‘ನಾನೂ ಅವನ ಹಿಂದ ಹೋಗ್ತೀನಿ’ ಎಂದು ಮೊದಲನೇ ದಿನವೇ ಅಂದರೂ ಸರಿ, 14416ಕ್ಕೆ ಫೋನ್ ಹಚ್ಚಿ. ಅದು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ಅದೇ ಊರಲ್ಲಿ ಇನ್ನೂ ನಾಲ್ಕಾರು ಮನೆಯ ಮಕ್ಕಳು ಗಡಿಯಲ್ಲಿರುತ್ತಾರೆ. ರಾತ್ರಿ ಫೋನ್ ಗುಣುಗಿದರೆ ಎದೆ ಹಿಡಿದುಕೊಳ್ಳುವ ಆ ತಾಯಂದಿರ ಕಟ್ಟೆಗೂ ಹೋಗಿ ಒಂದು ಗಳಿಗೆ ಕೂತು ಬನ್ನಿ.

ಕೊನೆಗೆ ಅವನ ಅಕ್ಕತಂಗಿಯರು. ಎಲ್ಲರೂ ಹೆಂಡತಿಯನ್ನು ನೋಡುತ್ತಾರೆ, ತಾಯಿಯನ್ನು ನೋಡುತ್ತಾರೆ, ಗಂಡನ ಮನೆಗೆ ಹಿಂದಿರುಗಿದ ತಂಗಿ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಪಂಚಮಿ ಬಂತೆಂದರೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿನ ದಾರಿ ಕಾಯುತ್ತಾರೆ, ಅಣ್ಣ ಕರೆಯಲಿಕ್ಕೆ ಬರುತ್ತಾನೆ. ವರ್ಷ ತುಂಬುವವರೆಗೆ ಆ ತವರಿನಲ್ಲಿ ಹಬ್ಬವಿಲ್ಲ, ಉಂಡಿ ಕಟ್ಟುವುದಿಲ್ಲ, ಜೋಕಾಲಿ ಹಾಕುವುದಿಲ್ಲ. ಮೊದಲ ಪಂಚಮಿಯ ಹಿಂದಿನ ವಾರ ಓಣಿಯ ಹುಡುಗರಲ್ಲಿ ಒಬ್ಬನಿಗೆ, ಅವನ ಜೊತೆ ಆಡಿ ಬೆಳೆದವನಿಗೆ, ಈ ಕೆಲಸ ಒಪ್ಪಿಸಿ. ನೆರೆಮನೆಯವರು ಕಟ್ಟಿಕೊಟ್ಟ ಶೇಂಗಾ ಉಂಡಿ, ಎಳ್ಳಿನ ಉಂಡಿ ಒಂದು ಡಬ್ಬಿಯಲ್ಲಿ ತುಂಬಿಕೊಂಡು ಅವನು ಆಕೆಯ ಊರಿಗೆ ಹೋಗಲಿ. ‘ಕರಿಯಾಕ ಬಂದೀನಿ, ನಡಿ ತಂಗಿ’ ಎನ್ನಲಿ. ಅಷ್ಟು ಬಿಟ್ಟು ಬೇರೇನೂ ಮಾತಾಡದಿರಲಿ.

ನಮಸ್ಕಾರ.