ಎಣ್ಣೆ–ಸೀಗೆಕಾಯಿ ಸಂಬಂಧದ ಅಣುಗಳು

ಸ್ನೇಹಿತರೇ,

ಇಬ್ಬರಿಗೆ ಎಳ್ಳಷ್ಟೂ ಹೊಂದಿಕೆಯಿಲ್ಲ ಎನ್ನಬೇಕಾದಾಗ ನಾವು ಎಣ್ಣೆ–ಸೀಗೆಕಾಯಿ ಎನ್ನುತ್ತೇವೆ. ಈ ಮಾತಿನ ಬಗ್ಗೆ ನನ್ನದೊಂದು ಹಳೆಯ ತಕರಾರಿದೆ. ಸೀಗೆಕಾಯಿ ಎಣ್ಣೆಯನ್ನು ತೆಗೆಯುವುದು ದ್ವೇಷದಿಂದಲ್ಲ. ಅದರೊಳಗಿನ ಸ್ಯಾಪೊನಿನ್ ಅಣುವಿನ ಒಂದು ಬದಿ ಎಣ್ಣೆಯನ್ನು ಅಪ್ಪಿಕೊಂಡರೆ, ಸಕ್ಕರೆಯಿರುವ ಇನ್ನೊಂದು ಬದಿ ನೀರನ್ನು ಅಪ್ಪಿಕೊಳ್ಳುತ್ತದೆ. ನಾನಿಂದು ಹೇಳಹೊರಟಿರುವ ನ್ಯೂಕ್ಲಿಯೊಲಿಪಿಡ್‌ಗಳದ್ದೂ ಇದೇ ಇಬ್ಬಗೆಯ ಸ್ವಭಾವ. ಇವುಗಳ ಒಂದು ತುದಿಯಲ್ಲಿ ಕೊಬ್ಬಿನ ಬಾಲ, ಇನ್ನೊಂದು ತುದಿಯಲ್ಲಿ ಡಿಎನ್‌ಎ ಅಥವಾ ಆರ್‌ಎನ್‌ಎಯ ತುಣುಕು.

ಎಂಆರ್‌ಎನ್‌ಎ ಲಸಿಕೆಯಲ್ಲೂ ಕೊಬ್ಬು ಇತ್ತಲ್ಲ ಎಂದು ನೀವು ಕೇಳಬಹುದು. ಇತ್ತು. ಆದರೆ ಅಲ್ಲಿ ಆರ್‌ಎನ್‌ಎಯನ್ನು ಕೊಬ್ಬಿನ ಕಣದೊಳಗೆ ಮೂಟೆ ಕಟ್ಟಲಾಗಿತ್ತು, ಅಷ್ಟೆ. ಇಲ್ಲಿ ಎರಡೂ ರಾಸಾಯನಿಕ ಬಂಧದಿಂದ ಬೆಸೆದು ಒಂದೇ ಅಣುವಾಗಿರುತ್ತವೆ.

ಈ ಬೆಸುಗೆ ಮನುಷ್ಯನ ಆವಿಷ್ಕಾರವಲ್ಲ. 1950ರ ದಶಕದಲ್ಲಿ ಷಿಕಾಗೊದಲ್ಲಿದ್ದ ಜೀವರಸಾಯನ ವಿಜ್ಞಾನಿ ಯೂಜೀನ್ ಕೆನಡಿ, ಕೋಶಪೊರೆಯ ಕೊಬ್ಬು ಹೇಗೆ ತಯಾರಾಗುತ್ತದೆ ಎಂದು ಹುಡುಕುತ್ತಿದ್ದರು. ಪ್ರಯೋಗಕ್ಕೆ ಶಕ್ತಿ ಒದಗಿಸಲು ಎಟಿಪಿ ಹಾಕಿದರೆ ಕ್ರಿಯೆ ಚೆನ್ನಾಗಿ ನಡೆಯುತ್ತಿತ್ತು. ಹೆಚ್ಚು ಶುದ್ಧವಾದ, ಹರಳುಗಟ್ಟಿದ ಎಟಿಪಿ ಹಾಕಿದರೆ ನಿಂತುಹೋಗುತ್ತಿತ್ತು! ಇಂಥ ಹೊತ್ತಿನಲ್ಲಿ ಹಳೆಯ ಸೀಸೆಗೇ ಮರಳಿ ಸುಮ್ಮನಾಗುವವರೇ ಹೆಚ್ಚು. ಕೆನಡಿ ಕಸವನ್ನೇ ಬೆನ್ನಟ್ಟಿದರು. ಹಳೆಯ ಸೀಸೆಯಲ್ಲಿ ಕಲ್ಮಶವಾಗಿ ಬೆರೆತಿದ್ದ ಸಿಟಿಪಿ, ಅಂದರೆ ಆರ್‌ಎನ್‌ಎಯ ‘ಸಿ’ ಅಕ್ಷರವಾದ ಸಿಟಿಡಿನ್ನಿನ ಟ್ರೈಫಾಸ್ಫೇಟ್, ಅಸಲಿ ಕೆಲಸಗಾರ. ಸ್ಯಾಮ್ಯುಯೆಲ್ ವೈಸ್ ಜೊತೆ ಅವರು ಇದನ್ನು 1956ರಲ್ಲಿ ಪ್ರಕಟಿಸಿದರು. ಆಮೇಲೆ ತಿಳಿದದ್ದು ಇನ್ನೂ ಸೊಗಸು: ಪೊರೆಯ ಕೆಲವು ಕೊಬ್ಬುಗಳನ್ನು ತಯಾರಿಸುವಾಗ ಜೀವಕೋಶ ಸಿಟಿಡಿನ್ನಿಗೆ ಕೊಬ್ಬನ್ನೇ ನೇರವಾಗಿ ಜೋಡಿಸಿ ಸಿಡಿಪಿ-ಡೈಅಸೈಲ್‌ಗ್ಲಿಸರಾಲ್ ಎಂಬ ನಡುವಣ ಅಣುವನ್ನು ಮಾಡಿಕೊಳ್ಳುತ್ತದೆ. ಅದೇ ಅಪ್ಪಟ ನ್ಯೂಕ್ಲಿಯೊಲಿಪಿಡ್. ಆನುವಂಶಿಕ ಲಿಪಿಯ ಅಕ್ಷರವೊಂದು ಇಲ್ಲಿ ಬರವಣಿಗೆ ಬಿಟ್ಟು ಗೋಡೆ ಕಟ್ಟುವ ಕೂಲಿಗೆ ಹೋಗಿದೆ.

ಔಷಧ ತಯಾರಕರಿಗೆ ಇದರಿಂದ ಏನು ಲಾಭ? ಸಿಡೊಫೊವಿರ್ ಎಂಬ ವೈರಾಣು ನಿರೋಧಕವೊಂದಿದೆ, ಅದೂ ಸಿಟಿಡಿನ್ನಿನೊಳಗಿರುವ ಸಿಟೊಸಿನ್ ಕುಲದ್ದೇ. ಅಮೆರಿಕದಲ್ಲಿ 1996ರಲ್ಲಿ ಒಪ್ಪಿಗೆ ಪಡೆಯಿತು. ಆದರೆ ಋಣ ವಿದ್ಯುದಂಶ ಹೊತ್ತ ಈ ಅಣುವಿಗೆ ಕೋಶಪೊರೆ ಸುಲಭವಾಗಿ ದಾರಿ ಕೊಡುವುದಿಲ್ಲ. ಗುಳಿಗೆಯಾಗಿ ನುಂಗಿದರೆ ಫಲವಿಲ್ಲ, ರಕ್ತನಾಳಕ್ಕೇ ಕೊಡಬೇಕು. ಸಾಲದ್ದಕ್ಕೆ ಮೂತ್ರಪಿಂಡದಲ್ಲಿ ಸೇರಿಕೊಂಡು ಅದನ್ನು ಹಾಳುಮಾಡುತ್ತದೆ. ಇದಕ್ಕೆ ಹದಿನಾರು ಇಂಗಾಲಗಳ ಸರಪಳಿಯಿರುವ ಬಾಲ ಜೋಡಿಸಿದಾಗ ಬ್ರಿನ್ಸಿಡೊಫೊವಿರ್ ಆಯಿತು. ಕರುಳು ಅದನ್ನು ಆಹಾರದ ಕೊಬ್ಬಿನ ಅಂಶವೆಂದೇ ಬಗೆದು ಒಳಗೆ ಬಿಟ್ಟುಕೊಳ್ಳುತ್ತದೆ. ಕೋಶದೊಳಗೆ ಕಿಣ್ವಗಳು ಬಾಲವನ್ನು ಕತ್ತರಿಸುತ್ತವೆ, ಔಷಧ ಬಿಡುಗಡೆಯಾಗುತ್ತದೆ. 2021ರಲ್ಲಿ ಸಿಡುಬಿನ ಚಿಕಿತ್ಸೆಗೆಂದು ಅಮೆರಿಕ ಇದನ್ನು ಒಪ್ಪಿತು. ಸಿಡುಬು 1980ರಲ್ಲೇ ನಿರ್ಮೂಲವೆಂದು ಘೋಷಿತವಾದ ರೋಗ. ಪರೀಕ್ಷಿಸಲು ರೋಗಿಗಳೇ ಇಲ್ಲದ ಕಾರಣ ಅದೇ ಬಳಗದ ವೈರಾಣು ತಗುಲಿಸಿದ ಪ್ರಾಣಿಗಳ ಮೇಲಿನ ಫಲಿತಾಂಶವನ್ನೇ ನೆಚ್ಚಬೇಕಾಯಿತು.

ಇನ್ನೊಂದು ಪ್ರಯೋಗ 2004ರದು. ವಂಶವಾಹಿಯೊಂದನ್ನು ಮೌನವಾಗಿಸಬಲ್ಲ ಕಿರು ಆರ್‌ಎನ್‌ಎಗೆ ಕೊಲೆಸ್ಟರಾಲ್ ಕಟ್ಟಿ ಇಲಿಗಳಿಗೆ ಚುಚ್ಚಿದರು. ಅದು ಯಕೃತ್ತನ್ನು ತಲುಪಿ ರಕ್ತದಲ್ಲಿ ಕೊಲೆಸ್ಟರಾಲ್ ಸಾಗಿಸುವ ಕಣಗಳಿಗೆ ಬೇಕಾದ ಅಪೊ-ಬಿ ಪ್ರೋಟೀನಿನ ತಯಾರಿಕೆಯನ್ನು ತಗ್ಗಿಸಿತು. ಪರಿಣಾಮ, ಕೊಲೆಸ್ಟರಾಲ್ ಹೊತ್ತು ಹೋದದ್ದೇ ರಕ್ತದ ಕೊಲೆಸ್ಟರಾಲನ್ನು ಇಳಿಸಿತು! ಬಾಲವಿಲ್ಲದ ಆರ್‌ಎನ್‌ಎ ಏನನ್ನೂ ಸಾಧಿಸಲಿಲ್ಲ. ನನಗೆ ಮೆಚ್ಚುಗೆಯಾದದ್ದು ಬಾಲ ಕಟ್ಟಿದ ಜಾಗ. ಈ ಆರ್‌ಎನ್‌ಎಗೆ ಎರಡು ಎಳೆ. ಕೋಶದೊಳಗೆ ಒಂದು ಎಳೆ ಕೆಲಸಕ್ಕೆ ನಿಲ್ಲುತ್ತದೆ, ಇನ್ನೊಂದನ್ನು ಕೋಶ ಬಿಸಾಡುತ್ತದೆ. ಕೊಲೆಸ್ಟರಾಲನ್ನು ಅವರು ಕಟ್ಟಿದ್ದು ಬಿಸಾಡುವ ಎಳೆಗೆ.