ಉಷ್ಟ್ರಪಕ್ಷಿ: ತುದಿಗಾಲಲ್ಲೇ ಓಡೋ ಹಕ್ಕಿ

[ದೃಶ್ಯ: ಓಡುತ್ತಿರುವ ಉಷ್ಟ್ರಪಕ್ಷಿಯ ಕಾಲು, ನಿಧಾನಗತಿಯಲ್ಲಿ]

ಈ ಕಾಲನ್ನ ನೋಡಿ. ಮೊಣಕಾಲು ಹಿಂದಕ್ಕೆ ಮಡಚಿಕೊಂಡ ಹಾಗೆ ಕಾಣುತ್ತೆ, ಅಲ್ವಾ? ಅದು ಮೊಣಕಾಲೇ ಅಲ್ಲ, ಹಿಮ್ಮಡಿಯ ಕೀಲು. ನಿಜವಾದ ಮೊಣಕಾಲು ಇನ್ನೂ ಮೇಲೆ, ಮೈಗೆ ಒತ್ತಿಕೊಂಡ ಹಾಗಿದೆ. ಅಂದರೆ 2.7 ಮೀಟರ್‌ವರೆಗೂ ಎತ್ತರ ಬೆಳೆಯೋ, 100 ಕಿಲೋ ದಾಟೋ ಈ ಹಕ್ಕಿ ಜೀವಮಾನವೆಲ್ಲ ತುದಿಗಾಲಲ್ಲೇ ಓಡಾಡುತ್ತೆ!

ದಪ್ಪ ಸ್ನಾಯುಗಳೆಲ್ಲ ತೊಡೆಯಲ್ಲಿ. ಅದರ ಕೆಳಗೆ ಹೆಚ್ಚಾಗಿ ಮೂಳೆ, ಉದ್ದನೆಯ ಸ್ನಾಯುರಜ್ಜು. ಕಾಲಿನ ಕೆಳಭಾಗ ಹಗುರ ಇರೋದರಿಂದ ಬೀಸೋದು ಸುಲಭ. ಹೆಜ್ಜೆ ಊರಿದಾಗ ಆ ರಜ್ಜು ಸ್ಪ್ರಿಂಗಿನ ಹಾಗೆ ಹಿಗ್ಗುತ್ತೆ, ಕಾಲೆತ್ತುವಾಗ ಅದೇ ಶಕ್ತಿಯನ್ನ ವಾಪಸ್ ಕೊಡುತ್ತೆ. ಕಾಲಿಗೆ ಎರಡೇ ಬೆರಳು. ಬೇರೆ ಯಾವ ಹಕ್ಕಿಗೂ ಹೀಗಿಲ್ಲ. ವೇಗ ಗಂಟೆಗೆ 70 ಕಿಲೋಮೀಟರ್.

[ದೃಶ್ಯ: ರೆಕ್ಕೆ ಬಿಚ್ಚಿ ತಿರುಗುವ ಹಕ್ಕಿ]

ಹಾರೋ ಹಕ್ಕಿಗಳ ಎದೆಮೂಳೆಯಲ್ಲಿ ದೋಣಿಯ ಅಡಿಯಂಥ ಒಂದು ಏಣು ಇರುತ್ತೆ, ರೆಕ್ಕೆ ಬಡಿಯೋ ಸ್ನಾಯು ಹಿಡಿದುಕೊಳ್ಳೋದು ಅದನ್ನೇ. ಉಷ್ಟ್ರಪಕ್ಷಿಯ ಎದೆಮೂಳೆ ಚಪ್ಪಟೆ. ಹಾಗಂತ ರೆಕ್ಕೆ ದಂಡ ಅಲ್ಲ. ಓಟದಲ್ಲಿ ಸರಕ್ಕನೆ ತಿರುಗೋಕೆ, ನಿಲ್ಲೋಕೆ, ಬಿಸಿಲಲ್ಲಿ ಮರಿಗಳಿಗೆ ನೆರಳು ಮಾಡೋಕೆ ಅದೇ ಬೇಕು.

[ದೃಶ್ಯ: ನೆಲದ ಗುಂಡಿಯಲ್ಲಿ ಮೊಟ್ಟೆಗಳ ರಾಶಿ]

ನನಗೆ ಎಲ್ಲಕ್ಕಿಂತ ಅಚ್ಚರಿ ಇದರ ಗೂಡು. ಗೂಡು ಅಂದರೆ ಗಂಡು ನೆಲ ಕೆದರಿ ಮಾಡಿದ ಗುಂಡಿ, ಅಷ್ಟೇ. ಹಲವು ಹೆಣ್ಣುಗಳು ಅಲ್ಲೇ ಮೊಟ್ಟೆ ಇಟ್ಟು ಹೋಗುತ್ತವೆ. ಒಂದೊಂದೂ ಸುಮಾರು ಒಂದೂವರೆ ಕಿಲೋ. ಕಾವು ಕೊಡೋದು ಮಾತ್ರ ಗಂಡು ಮತ್ತು ಯಜಮಾನಿ ಹೆಣ್ಣು. ಮೊಟ್ಟೆ ಹೆಚ್ಚಾದರೆ ಯಜಮಾನಿ ಕೆಲವನ್ನ ಆಚೆ ಉರುಳಿಸುತ್ತಾಳೆ, ತನ್ನವನ್ನಲ್ಲ! ನೋಡೋಕೆ ಒಂದೇ ಥರ ಇರೋ ರಾಶಿಯಲ್ಲಿ ತನ್ನ ಮೊಟ್ಟೆಗಳನ್ನ ಗುರುತಿಸ್ತಾಳೆ ಅನ್ನೋದು ಕೀನ್ಯಾದ ಸಾವೊದಲ್ಲಿ ನಡೆದ ಅಧ್ಯಯನದಿಂದ ಗೊತ್ತಾಗಿದೆ.

ಹಗಲು ಕಾವಿಗೆ ಮಣ್ಣುಬಣ್ಣದ ಹೆಣ್ಣು, ರಾತ್ರಿಗೆ ಕಪ್ಪು ಗಂಡು. ಹೀಗೆ ಸುಮಾರು ಆರು ವಾರ. ಅಪಾಯ ಕಂಡರೆ ಕತ್ತನ್ನ ನೆಲಕ್ಕೆ ಚಾಚಿ ಮಲಗುತ್ತವೆ, ದೂರದಿಂದ ತಲೆ ಕಾಣಲ್ಲ. ಮರಳಲ್ಲಿ ತಲೆ ಹೂತುಕೊಳ್ಳುತ್ತೆ ಅನ್ನೋ ಸುಳ್ಳು ಬಹುಶಃ ಹೀಗೇ ಹುಟ್ಟಿತು.

[ದೃಶ್ಯ: ಗೀರು ಇರುವ ಚಿಪ್ಪಿನ ಚೂರು]

ಇವತ್ತು ಕಾಡಲ್ಲಿ ಈ ಹಕ್ಕಿಯನ್ನ ನೋಡಬೇಕಂದರೆ ಆಫ್ರಿಕಾಕ್ಕೇ ಹೋಗಬೇಕು. ಒಂದು ಕಾಲಕ್ಕೆ ನಮ್ಮಲ್ಲೂ ಇತ್ತು. ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಪಾಟ್ಣೆಯಲ್ಲಿ ಸುಮಾರು 25,000 ವರ್ಷ ಹಳೆಯ ಉಷ್ಟ್ರಪಕ್ಷಿ ಮೊಟ್ಟೆಯ ಚಿಪ್ಪು ಸಿಕ್ಕಿದೆ. ಅದರ ಮೇಲೆ ಯಾರೋ ಚೂಪುಗಲ್ಲು ಹಿಡಿದು, ಎರಡು ಗೆರೆಗಳ ನಡುವೆ ಅಡ್ಡಡ್ಡ ಗೀರಿ ಚಿತ್ತಾರ ಮಾಡಿದ್ದಾರೆ.